ಒಕ್ಟಾವಿಯೊ ಡೊಟೆಲ್ 13 ತಂಡಗಳಿಗೆ ಆಡಿದ್ದು ಹೇಗೆ?

2025ರ ಏಪ್ರಿಲ್ 8ರಂದು ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟೊ ಡೊಮಿಂಗೊದಲ್ಲಿ ನೈಟ್‌ಕ್ಲಬ್ ಒಂದರ ಚಾವಣಿ ಕುಸಿದು 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅದೇ ಊರಲ್ಲಿ ಹುಟ್ಟಿದ ಬೇಸ್‌ಬಾಲ್ ರಿಲೀಫ್ ಪಿಚರ್ (ಆಟದ ನಡುವೆ ಇಳಿದು ಚೆಂಡೆಸೆಯುವವರು) ಒಕ್ಟಾವಿಯೊ ಡೊಟೆಲ್ ಕೂಡ ಒಬ್ಬರು. ಅಮೆರಿಕದ ಅಗ್ರ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 13 ತಂಡಗಳಿಗೆ ಆಡಿದ ಮೊದಲಿಗ ಎಂದೇ ಅವರ ಹೆಸರು. ಇಷ್ಟು ಊರು ಸುತ್ತಿದವರನ್ನು ಯಾರಿಗೂ ಬೇಡವಾದವರು ಎಂದುಕೊಂಡರೆ ತಪ್ಪಾಗುತ್ತದೆ. ಐದು ತಂಡಗಳು ಅವರಿಗಾಗಿ ಸೀಸನ್ ನಡುವೆಯೇ ಆಟಗಾರರ ವಿನಿಮಯಕ್ಕೆ ಇಳಿದಿದ್ದವು.

ಇದಕ್ಕೆ ಕಾರಣ ಬುಲ್‌ಪೆನ್‌ನ, ಅಂದರೆ ತಂಡದ ರಿಲೀಫ್ ಪಿಚರ್‌ಗಳ ಬಳಗದ, ಲೆಕ್ಕಾಚಾರ. ಕ್ರಿಕೆಟ್‌ನಲ್ಲಿ ಸ್ಪೆಲ್ ಮುಗಿಸಿದ ಬೌಲರ್ ಮತ್ತೆ ಬರಬಹುದು. ಬೇಸ್‌ಬಾಲ್‌ನಲ್ಲಿ ಒಮ್ಮೆ ಆಟದಿಂದ ಹೊರಬಿದ್ದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. ಒಂಬತ್ತು ಇನಿಂಗ್ಸ್‌ನ ಪಂದ್ಯದಲ್ಲಿ ಆರಂಭಿಕ ಪಿಚರ್ ಐದಾರು ಇನಿಂಗ್ಸ್‌ಗೆ ದಣಿದರೆ ಉಳಿದದ್ದನ್ನು ರಿಲೀಫ್ ಪಿಚರ್‌ಗಳು ಹಂಚಿಕೊಳ್ಳಬೇಕು. ಮೂರು ರನ್‌ಗಿಂತ ಹೆಚ್ಚಿಲ್ಲದ ಮುನ್ನಡೆಯನ್ನು ಕೊನೆಯ ಇನಿಂಗ್ಸ್‌ನಲ್ಲಿ ಕಾಯ್ದವನಿಗೆ 'ಸೇವ್' ಸಿಗುತ್ತದೆ. 1969ರಿಂದ ಇದು ಅಧಿಕೃತ ಅಂಕಿ. ಕೊನೆಯ ಇನಿಂಗ್ಸ್ ಎಸೆಯುವ ಕ್ಲೋಸರ್‌ಗಳ ಬೆಲೆ ನಿಂತಿರುವುದೂ ಬಹುಮಟ್ಟಿಗೆ ಇದರ ಮೇಲೆಯೇ. ಎಂಟನೇ ಇನಿಂಗ್ಸ್‌ನ ಸೆಟ್‌ಅಪ್ ಪಿಚರ್‌ನ ಕೆಲಸ ಎಷ್ಟೋ ಸಲ ಅದಕ್ಕಿಂತ ಕಷ್ಟ, ಆದರೆ ಆ ಅಂಕಿ ಅವನ ಹೆಸರಿಗೆ ಬರುವುದಿಲ್ಲ.

1999ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ ಆಡತೊಡಗಿದ ಡೊಟೆಲ್, ಆ ವರ್ಷದ ಕೊನೆಗೆ ಪಿಚರ್ ಮೈಕ್ ಹ್ಯಾಂಪ್ಟನ್‌ರನ್ನು ಮೆಟ್ಸ್‌ಗೆ ತಂದ ವಿನಿಮಯದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಸೇರಿದರು. ಅಲ್ಲಿ ಬಿಲ್ಲಿ ವ್ಯಾಗ್ನರ್ ಕ್ಲೋಸರ್, ಡೊಟೆಲ್ ಸೆಟ್‌ಅಪ್. 2002ರಲ್ಲಿ 83 ಪಂದ್ಯ, 118 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡುವುದು). ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ 1.85. ಅವರ ಅತ್ಯುತ್ತಮ ವರ್ಷ ಅದೇ.

2003ರ ಜೂನ್ 11ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಆಸ್ಟ್ರೋಸ್‌ನ ಆರಂಭಿಕ ಪಿಚರ್ ರಾಯ್ ಓಸ್ವಾಲ್ಟ್ ತೊಡೆಸಂದು ನೋವಿನಿಂದ ಎರಡನೇ ಇನಿಂಗ್ಸ್‌ನಲ್ಲೇ ಹೊರನಡೆದರು. ಅವರೂ ಸೇರಿ ಆರು ಪಿಚರ್‌ಗಳು ಯಾಂಕೀಸ್‌ಗೆ ಒಂದೂ ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟುವ ಅವಕಾಶ) ಕೊಡಲಿಲ್ಲ. ಎಂಟನೇ ಇನಿಂಗ್ಸ್‌ನಲ್ಲಿ ಡೊಟೆಲ್ ಪಡೆದದ್ದು ನಾಲ್ಕು ಸ್ಟ್ರೈಕ್‌ಔಟ್! ಮೂರು ಔಟ್‌ಗೆ ಮುಗಿಯುವ ಇನಿಂಗ್ಸ್‌ನಲ್ಲಿ ನಾಲ್ಕು ಹೇಗೆ? ಮೂರನೇ ಸ್ಟ್ರೈಕ್ ಕ್ಯಾಚರ್ ಕೈತಪ್ಪಿದಾಗ ಮೊದಲ ಬೇಸ್ ಖಾಲಿಯಿದ್ದರೆ, ಅಥವಾ ಎರಡು ಔಟ್ ಆಗಿದ್ದರೆ, ಬ್ಯಾಟರ್ ಅಲ್ಲಿಗೆ ಓಡಬಹುದು. ಅವನು ಮುಟ್ಟಿಬಿಟ್ಟರೆ ಪಿಚರ್ ಖಾತೆಗೆ ಸ್ಟ್ರೈಕ್‌ಔಟ್ ಬರುತ್ತದೆ, ತಂಡಕ್ಕೆ ಔಟ್ ಸಿಗುವುದಿಲ್ಲ.

2004ರಲ್ಲಿ ಓಕ್ಲಂಡ್‌ಗೆ ಹೋಗಿ ಕ್ಲೋಸರ್ ಆದರು. ಹ್ಯೂಸ್ಟನ್‌ನದ್ದೂ ಸೇರಿ ಆ ವರ್ಷ 36 ಸೇವ್. 2005ರಲ್ಲಿ ಮೊಣಕೈ ಕೈಕೊಟ್ಟಿತು. ಟಾಮಿ ಜಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದರಲ್ಲಿ ಹರಿದ ಅಸ್ಥಿಬಂಧದ ಜಾಗಕ್ಕೆ ದೇಹದ ಬೇರೆಡೆಯ ಸ್ನಾಯುರಜ್ಜುವನ್ನು ಕಸಿ ಮಾಡುತ್ತಾರೆ. ಚೇತರಿಕೆಗೆ ವರ್ಷಕ್ಕೂ ಹೆಚ್ಚು ಬೇಕು. ಅಂಥ ಕೈಗೆ ದೀರ್ಘ ಒಪ್ಪಂದ ಕೊಡಲು ತಂಡಗಳು ಹಿಂಜರಿಯುತ್ತವೆ. ನಿಜವಾದ ಅಲೆದಾಟ ಶುರುವಾದದ್ದು ಇಲ್ಲಿಂದ.

ಸೋಲುತ್ತಿರುವ ತಂಡ ಅಲ್ಪಾವಧಿಗೆ ರಿಲೀಫ್ ಪಿಚರ್ ತರುತ್ತದೆ. ಜುಲೈ ಕೊನೆಯ ವಿನಿಮಯ ಗಡುವಿಗೆ ಪ್ರಶಸ್ತಿ ಆಸೆಯ ತಂಡಕ್ಕೆ ಅವನನ್ನು ಕೊಟ್ಟು ಎಳೆಯ ಆಟಗಾರರನ್ನು ಪಡೆಯುತ್ತದೆ. 2007ರಲ್ಲಿ ಕನ್ಸಾಸ್ ಸಿಟಿಯಿಂದ ಅಟ್ಲಾಂಟಾಕ್ಕೆ, 2010ರಲ್ಲಿ ಪಿಟ್ಸ್‌ಬರ್ಗ್‌ನಿಂದ ಲಾಸ್ ಏಂಜಲೀಸ್‌ಗೆ ಡೊಟೆಲ್ ಹೋದದ್ದು ಹೀಗೆ. ಅದೇ ಸೆಪ್ಟೆಂಬರ್‌ನಲ್ಲಿ ಕೊಲರಾಡೊ ಅವರನ್ನು ಕರೆಸಿಕೊಂಡಿತು. ಆಗಸ್ಟ್ 31ರ ಬಳಿಕ ಸೇರಿದವರು ಪ್ಲೇಆಫ್ ಆಡುವಂತಿಲ್ಲ, ಆದರೂ ಅಲ್ಲಿಗೆ ತಲುಪಿಸಲು ಅವರು ಬೇಕಾಗಿದ್ದರು.

2011ರ ಜುಲೈ 27ರಂದು ಟೊರಾಂಟೊದಿಂದ ಸೇಂಟ್ ಲೂಯಿಸ್‌ಗೆ. ಬಲಗೈ ಪಿಚರ್ ಆದ ಅವರ ಸ್ಲೈಡರ್ (ಪಕ್ಕಕ್ಕೆ ಸರಿಯುವ ಎಸೆತ) ಬಲಗೈ ಬ್ಯಾಟರ್‌ನಿಂದ ದೂರ ಸರಿಯುತ್ತಿತ್ತು, ಎಡಗೈಯವನ ಬ್ಯಾಟ್ ಕಡೆಗೇ ಬರುತ್ತಿತ್ತು. ಮ್ಯಾನೇಜರ್ ಟೋನಿ ಲಾ ರುಸ್ಸಾ ಅವರನ್ನು ಮುಖ್ಯವಾಗಿ ಬಲಗೈಯವರ ಎದುರೇ ಇಳಿಸಿದರು. ತಂಡ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. 2020ರಿಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನಿಂಗ್ಸ್ ಮುಗಿಸಬೇಕು ಎಂಬ ನಿಯಮ ಬಂದಿದ್ದು, ಅಂಥ ಬಳಕೆ ಈಗ ಕಷ್ಟ.

2012ರಲ್ಲಿ ಡೆಟ್ರಾಯಿಟ್ 13ನೇ ತಂಡವಾಯಿತು. ಒಟ್ಟು 758 ಪಂದ್ಯ, 951 ಇನಿಂಗ್ಸ್, 1,143 ಸ್ಟ್ರೈಕ್‌ಔಟ್.

ಸೇಂಟ್ ಲೂಯಿಸ್‌ಗೆ ಡೊಟೆಲ್ ಜೊತೆಗೇ ಬಂದ ಪಿಚರ್ ಎಡ್ವಿನ್ ಜಾಕ್ಸನ್ ಅಂದು ಷಿಕಾಗೊದಿಂದ ಟೊರಾಂಟೊಗೆ ಸೇರಿ, ಒಂದೂ ಚೆಂಡೆಸೆಯದೆ ಅದೇ ದಿನ ಕೈಬದಲಾಗಿದ್ದರು. 2019ರ ಮೇ 15ರಂದು ಅದೇ ಟೊರಾಂಟೊ ಪರ ಕಣಕ್ಕಿಳಿದಾಗ ಜಾಕ್ಸನ್‌ಗೆ ಅದು 14ನೇ ತಂಡ. ಡೊಟೆಲ್ ದಾಖಲೆ ಮುರಿಯಿತು.