ನಾಗವಲ್ಲಿ ಯಾಕೆ ತೆಲುಗು ಮಾತಾಡ್ತಾಳೆ?

‘ಆಪ್ತಮಿತ್ರ’ ನೋಡದ ಕನ್ನಡಿಗರು ಕಮ್ಮಿ. ನೋಡದಿದ್ದರೂ ‘ರಾ ರಾ’ ಹಾಡಂತೂ ಕಿವಿಗೆ ಬಿದ್ದಿರುತ್ತದೆ. ಸಿನಿಮಾ ಕನ್ನಡದ್ದು, ಗಂಡನ ಜೊತೆ ಹಳೇ ಮನೆಗೆ ಬರುವ ಗಂಗಾ ಮಾತಾಡುವುದೂ ಕನ್ನಡ. ಆದರೆ ಅವಳ ಮೈಮೇಲೆ ಬರುವ ನಾಗವಲ್ಲಿ, ಅಂದರೆ ಹಿಂದೆ ಆ ಮನೆಯ ಯಜಮಾನನ ಕೈಯಲ್ಲಿ ಸತ್ತ ನರ್ತಕಿ, ಮಾತ್ರ ತೆಲುಗಿನವಳು. ಯಾಕೆ?

ನರ್ತಕಿ ಆಂಧ್ರದಿಂದ ಬಂದವಳು, ಅದಕ್ಕೇ ಅಂತ ಹೇಳಿ ಮುಗಿಸಬಹುದು. ಆದರೆ ಇದೇ ಕಥೆಯ ಉಳಿದ ಸಿನಿಮಾಗಳನ್ನೂ ಪಕ್ಕದಲ್ಲಿಟ್ಟು ನೋಡಿ. 1993ರ ಮಲಯಾಳಂ ಮೂಲ ‘ಮಣಿಚಿತ್ರತ್ತಾಳ್’ನಲ್ಲಿ ನಾಗವಲ್ಲಿ ತಂಜಾವೂರಿನವಳು, ಅವಳ ಮಾತು ತಮಿಳು. 2004ರಲ್ಲಿ ಕನ್ನಡಕ್ಕೆ ಬಂದಾಗ ತೆಲುಗು. ಮರುವರ್ಷ ‘ಚಂದ್ರಮುಖಿ’ಯಾಗಿ ತಮಿಳಿಗೆ ಹೋದಾಗಲೂ ತೆಲುಗು. 2007ರಲ್ಲಿ ಹಿಂದಿಯ ‘ಭೂಲ್ ಭುಲೈಯಾ’ದಲ್ಲಿ ಬಂಗಾಳಿ. ಊರು ಬದಲಾಯಿತು, ನಟಿ ಬದಲಾದರು. ದೆವ್ವ ಮಾತ್ರ ಎಲ್ಲೂ ಮನೆಮಾತು ಆಡಲಿಲ್ಲ.

ಇದರ ಹಿಂದೆ ಸ್ವಲ್ಪ ಮನೋವಿಜ್ಞಾನವಿದೆ. ಹೆಣ್ಣಿನ ಸಿಟ್ಟಿನ ಕಥೆಯೂ ಇದೆ.

ಮೊದಲು ಕಾಯಿಲೆಯ ವಿಚಾರ. ಗಂಗಾಗೆ ಇರುವುದು ದೆವ್ವದ ಕಾಟವಲ್ಲ, ಮನಸ್ಸಿನ ಕಾಯಿಲೆ. ಸಿನಿಮಾದ ಡಾಕ್ಟರು ಹೇಳುವ ಸ್ಪ್ಲಿಟ್ ಪರ್ಸನಾಲಿಟಿಯನ್ನು ಜನ ಸ್ಕಿಜೋಫ್ರೇನಿಯಾ ಜೊತೆ ಕಲಸಿಬಿಡುತ್ತಾರೆ. ತಪ್ಪು ಜನರದ್ದಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ ಸ್ಕಿಜೋಫ್ರೇನಿಯಾ ಅನ್ನುವ ಪದ ಕಟ್ಟಿದಾಗ ಗ್ರೀಕಿನ ‘ಸೀಳು’ ಮತ್ತು ‘ಮನಸ್ಸು’ ಎರಡನ್ನೂ ಸೇರಿಸಿದರು. ಆದರೆ ಅದು ಬೇರೆ ಕಾಯಿಲೆ. ಒಬ್ಬರೊಳಗೆ ಇಬ್ಬರಾಗುವುದಕ್ಕೆ ಮೊದಲು ಮಲ್ಟಿಪಲ್ ಪರ್ಸನಾಲಿಟಿ ಅಂತಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿ 1994ರಲ್ಲಿ ಆ ಹೆಸರು ಬಿಟ್ಟು, ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಕರೆಯಿತು.

ಡಿಸೋಸಿಯೇಷನ್ ಅಂದರೆ ಕೊಂಡಿ ಕಳಚುವುದು. ಅದರ ಹಗುರ ರೂಪ ನಮಗೆಲ್ಲ ಗೊತ್ತಿದೆ. ದಿನಾ ಹೋಗುವ ದಾರಿಯಲ್ಲಿ ಏನೋ ಯೋಚಿಸುತ್ತಾ ಸ್ಕೂಟರ್ ಓಡಿಸಿ ಮನೆ ಮುಟ್ಟುತ್ತೀರಿ. ಎಷ್ಟು ಸಿಗ್ನಲ್ ದಾಟಿದಿರಿ ಅಂತ ಕೇಳಿದರೆ ನೆನಪಿಲ್ಲ. ಓಡಿಸಿದ್ದು ನೀವೇ, ಆದರೆ ಆ ಹೊತ್ತಿನ ‘ನೀವು’ ಬೇರೆಲ್ಲೋ ಇದ್ದಿರಿ. ತಡೆಯಲಾಗದ ನೋವು ಬಿದ್ದಾಗ, ಅದರಲ್ಲೂ ಎಳೆ ವಯಸ್ಸಿನಲ್ಲಿ, ಕೆಲವರಲ್ಲಿ ಈ ಕೊಂಡಿ ಜೋರಾಗಿ ಕಳಚುತ್ತದೆ. ನೆನಪು ಒಂದು ಕಡೆ, ಹೆಸರು ಇನ್ನೊಂದು ಕಡೆ.

ಕಳಚಿದ ತುಂಡಿಗೆ ಯಾವ ರೂಪ ಬರುತ್ತದೆ ಅನ್ನುವುದರಲ್ಲಿ ಊರಿನ ಪಾತ್ರ ಬಹಳ ಇದೆ. ಅಮೆರಿಕದಲ್ಲಿ ಅದು ಇನ್ನೊಂದು ಹೆಸರಿನ ‘ನಾನು’. ನಮ್ಮ ಕಡೆ ಅದು ಹೆಚ್ಚಾಗಿ ದೇವಿ, ಸತ್ತ ಅತ್ತೆ, ಇಲ್ಲಾ ಹುಣಸೆಮರದ ದೆವ್ವ. ಭಾರತದ ಆಸ್ಪತ್ರೆಗಳಲ್ಲಿ ಮನೋವೈದ್ಯರು ಹಿಂದಿನಿಂದಲೂ ಕಂಡಿದ್ದು ಮೈಮೇಲೆ ಬರುವವರನ್ನೇ ಜಾಸ್ತಿ. 2013ರಲ್ಲಿ ಅಮೆರಿಕದ ಕೈಪಿಡಿ ಕೂಡ ಇದನ್ನು ಒಪ್ಪಿ, ಕಾಯಿಲೆಯ ಲಕ್ಷಣದಲ್ಲೇ ಮೈಮೇಲೆ ಬರುವುದನ್ನು ಸೇರಿಸಿತು. ಜೊತೆಗೆ ಒಂದು ಷರತ್ತೂ ಇದೆ: ಜನ ಒಪ್ಪಿ ನಡೆಸುವ ಆಚರಣೆ ಕಾಯಿಲೆಯಲ್ಲ. ಹಾಗಾಗಿ ಭೂತಕೋಲದ ಪಾತ್ರಿಯನ್ನು ಇಲ್ಲಿಗೆ ಎಳೆಯಬೇಡಿ. ಅಲ್ಲಿ ಬರುವುದಕ್ಕೂ ಹೊತ್ತಿದೆ, ಹೋಗುವುದಕ್ಕೂ ಹೊತ್ತಿದೆ.

ಸರಿ, ಭಾಷೆ? ಕಲಿಯದ ಭಾಷೆಯನ್ನು ಮೈಮೇಲೆ ಬಂದವರು ಆಡಬಹುದಾ? ಸಿನಿಮಾವನ್ನೇ ಹೋಲುವ ಒಂದು ನಿಜವಾದ ಪ್ರಕರಣ ನಾಗಪುರದಲ್ಲಿ ನಡೆದಿತ್ತು. 1974ರಲ್ಲಿ ಮೂವತ್ತು ದಾಟಿದ, ಮದುವೆಯಾಗದ ಮರಾಠಿ ಮಹಿಳೆಯೊಬ್ಬರು ಇದ್ದಕ್ಕಿದ್ದಂತೆ ಬಂಗಾಳಿ ಮಾತಾಡತೊಡಗಿದರು. ಬಂಗಾಳದ ಮುತ್ತೈದೆಯಂತೆ ಸೀರೆ ಉಟ್ಟರು. ತಾನು ಶಾರದಾ, ಹಾವು ಕಚ್ಚಿದವಳು ಅಂದರು. ಮನೆಯವರು ಮರಾಠಿಯಲ್ಲಿ ಮಾತಾಡಿಸಿದರೆ ಅರ್ಥವಾಗುತ್ತಿರಲಿಲ್ಲ. ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಮತ್ತು ನಮ್ಮ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಇದರ ಬಗ್ಗೆ ಬರೆದರು. ಸ್ಟೀವನ್ಸನ್‌ಗೆ ಇದರಲ್ಲಿ ಪುನರ್ಜನ್ಮದ ಸುಳಿವು ಕಂಡಿತು. ಉಳಿದ ಹಲವರಿಗೆ ಕಂಡಿದ್ದು ಡಿಸೋಸಿಯೇಷನ್. ಆಕೆ ಹಿಂದೆ ಒಂದಿಷ್ಟು ಬಂಗಾಳಿ ಓದಲು ಕಲಿತಿದ್ದರು ಅನ್ನುವುದು ಅವರ ವಾದದ ಬಲ. ನನಗೂ ಅದೇ ಸರಿ ಅನಿಸುತ್ತದೆ. ಎಲ್ಲೋ ಒಳಗೆ ಹೋಗಿದ್ದೇ ಹೊರಗೆ ಬರಬೇಕು. ಕಿವಿಗೇ ಬೀಳದ ಭಾಷೆ ನಾಲಿಗೆಗೆ ಬರುವುದಿಲ್ಲ.

ಈ ಲೆಕ್ಕದಲ್ಲಿ ‘ಆಪ್ತಮಿತ್ರ’ದ ಗಂಗಾ ಆಗಿದ್ದ ನಟಿ ಸೌಂದರ್ಯ ಬಾಯಲ್ಲಿ ತೆಲುಗು ಬಂದಿದ್ದು ಎಷ್ಟು ಸಹಜ ನೋಡಿ! ಅವರು ಕೋಲಾರದ ಕಡೆಯವರು. ಅಲ್ಲಿ ಒಂದೇ ಜಗಲಿಯಲ್ಲಿ ಎರಡೂ ಭಾಷೆ ಕೇಳುತ್ತದೆ. ಅವರು ದೊಡ್ಡ ತಾರೆಯಾಗಿದ್ದೂ ತೆಲುಗಿನಲ್ಲೇ. ಪಾಪ, ಆಗಸ್ಟ್‌ನಲ್ಲಿ ಸಿನಿಮಾ ತೆರೆಗೆ ಬರುವಾಗ ಅವರೇ ಇರಲಿಲ್ಲ. ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು.

ಈಗ ಸಿಟ್ಟಿನ ವಿಚಾರಕ್ಕೆ ಬರೋಣ. ಮಾನವಶಾಸ್ತ್ರಜ್ಞ ಐ. ಎಂ. ಲೂಯಿಸ್ 1971ರಲ್ಲಿ ಒಂದು ಮಾತು ಹೇಳಿದರು. ಮೈಮೇಲೆ ಬರುವುದು ಹೆಂಗಸರಲ್ಲೇ ಯಾಕೆ ಜಾಸ್ತಿ? ಯಾಕೆಂದರೆ ನೇರವಾಗಿ ಕೇಳುವ ಹಕ್ಕು ಇಲ್ಲದವರಿಗೆ ಅದೊಂದು ದಾರಿ. ಗಂಡನಿಗೆ ಬೈದರೆ ಕೆಟ್ಟ ಹೆಂಡತಿ. ಅದೇ ಬೈಗುಳ ದೆವ್ವದ ಬಾಯಿಂದ ಬಂದರೆ ಮನೆಮಂದಿಯೆಲ್ಲ ಕೈ ಮುಗಿದು ಕೇಳುತ್ತಾರೆ. ಇದು ನಾಟಕ ಅಂತ ಅರ್ಥವಲ್ಲ. ಆಕೆಗೂ ಅದು ತನ್ನ ಮಾತು ಅಂತ ಗೊತ್ತಿರುವುದಿಲ್ಲ. ಎಲ್ಲರಿಗೂ ಈ ವಿವರಣೆ ಹೊಂದುವುದಿಲ್ಲ, ನಿಜ. ಗಂಗಾಗೆ ಮಾತ್ರ ಹೇಳಿ ಮಾಡಿಸಿದಂತಿದೆ. ಮನೆಮಾತಿನಲ್ಲಿ ಅವಳು ಒಳ್ಳೆಯ ಹೆಂಡತಿ. ಕೊಲ್ಲುತ್ತೇನೆ ಅನ್ನಲು ಅವಳಿಗೆ ಇನ್ನೊಂದು ಭಾಷೆ ಬೇಕು.

ಸಿನಿಮಾದ ಜಾಣತನ ಇರುವುದು ಅದರ ವೇಷದಲ್ಲಿ. ಬೀಗ ಹಾಕಿದ ಕೋಣೆ, ರಾತ್ರಿ ಗೆಜ್ಜೆ ಸದ್ದು, ಗೋಡೆಯ ಮೇಲೆ ನರ್ತಕಿಯ ಚಿತ್ರ. ನಾವು ದೆವ್ವದ ಸಿನಿಮಾ ಅಂದುಕೊಂಡು ಕೂರುತ್ತೇವೆ. ಆಮೇಲೆ ಪತ್ತೇದಾರಿ ಶುರುವಾಗುತ್ತದೆ, ಅನುಮಾನ ಬೇರೆ ಹೆಣ್ಣಿನ ಮೇಲೆ ಬೀಳುತ್ತದೆ. ಮಲಯಾಳಂನಲ್ಲಿ ಆ ಪಾತ್ರ ಶ್ರೀದೇವಿ. ಮಾಡಿದವರು ನಮ್ಮ ವಿನಯಾ ಪ್ರಸಾದ್. ಶ್ರೀದೇವಿಗೆ ಕುಜದೋಷ, ಮದುವೆ ಮುರಿದಿದೆ. ಅಷ್ಟೇ ಸಾಕು, ನಾವು ಅವಳನ್ನು ಅನುಮಾನಿಸಲು ರೆಡಿ! ನಗುನಗುತ್ತಾ ಓಡಾಡುವ ಗಂಗಾ ಕಡೆ ಕಣ್ಣು ಹೋಗುವುದೇ ಇಲ್ಲ. ಕಥೆ ಬರೆದ ಮಧು ಮುಟ್ಟಂ ನಮ್ಮ ಈ ಚಾಳಿಯನ್ನೇ ನೆಚ್ಚಿಕೊಂಡು ಚಿತ್ರಕಥೆ ಹೆಣೆದಿದ್ದಾರೆ.

ಬೀಗದ ಕೋಣೆ ಗಂಗಾಳ ಒಳಮನಸ್ಸಿನ ಸಂಕೇತ ಅಂತ ಬರೆಯುವವರಿದ್ದಾರೆ. ನನಗೆ ಅದು ಆ ಮನೆತನದ ಮನಸ್ಸು ಅನಿಸುತ್ತದೆ. ಕೊಲೆ ಮಾಡಿದ್ದು ಮನೆಯ ಯಜಮಾನ. ಸತ್ತಿದ್ದು ನಾಗವಲ್ಲಿ. ಬೀಗ ಬಿದ್ದಿದ್ದು ಮಾತ್ರ ಅವಳ ಕೋಣೆಗೆ.

ಚಿಕಿತ್ಸೆಯ ವಿಷಯದಲ್ಲಿ ಸಿನಿಮಾ ಹೇಳುವುದು ಪೂರ್ತಿ ಕಟ್ಟುಕಥೆ. ಯಜಮಾನನ ಜಾಗದಲ್ಲಿ ಬೊಂಬೆ ಇಟ್ಟು ಸೇಡು ತೀರಿಸಿದರೆ ಒಂದೇ ರಾತ್ರಿಯಲ್ಲಿ ಯಾರೂ ವಾಸಿಯಾಗುವುದಿಲ್ಲ. ನಿಜವಾದ ದಾರಿ ವರ್ಷಗಟ್ಟಲೆ ಕೂತು ಮಾತಾಡುವುದು. ಅದರಲ್ಲೂ ಒಳಗಿನ ಇನ್ನೊಬ್ಬಳನ್ನು ಓಡಿಸುವುದಲ್ಲ, ಅವಳ ಮಾತನ್ನೂ ಕೇಳಿಸಿಕೊಂಡು ಜೊತೆಗೆ ಸೇರಿಸಿಕೊಳ್ಳುವುದು.

ಆದರೆ ಮಲಯಾಳಂ ಮೂಲದಲ್ಲಿ ಒಂದು ದೃಶ್ಯವಿದೆ. ಮದುವೆ ಗೊತ್ತಾದ ‘ಅಲ್ಲಿ’ ಎಂಬ ಹೆಸರಿನ ಹುಡುಗಿಯ ಜೊತೆ ಒಡವೆ ತರಲು ಗಂಗಾ ಪೇಟೆಗೆ ಹೊರಟಿದ್ದಾಳೆ. ಡಾಕ್ಟರು ಮೊದಲೇ ಹೇಳಿಕೊಟ್ಟಂತೆ ಗಂಡ ಬೇಡ ಅನ್ನುತ್ತಾನೆ. ಅವಳು ಮೊದಲು ಮೆತ್ತಗೆ ಕೇಳುತ್ತಾಳೆ. ಅವನು ಮತ್ತೆ ಬೇಡ ಅನ್ನುತ್ತಾನೆ. ಅವಳ ಕಣ್ಣು ಅಗಲವಾಗುತ್ತದೆ, ದನಿ ಇಳಿಯುತ್ತದೆ, ಮಾತು ತಮಿಳಿಗೆ ತಿರುಗುತ್ತದೆ. ನೋಡುತ್ತಿದ್ದಂತೆ ದಪ್ಪ ಮಂಚ ಅವಳ ಕೈಯಲ್ಲಿ ಮೇಲೇಳುತ್ತದೆ. ಗಂಡ ‘ಗಂಗಾ’ ಅಂತ ಕೂಗಿದ ಮೇಲೆ ಅವಳು ಮತ್ತೆ ಗಂಗಾ. ಏನಾಯಿತು ಅಂತಲೇ ಗೊತ್ತಿಲ್ಲ. ಈ ಮರೆವಿನ ಮಟ್ಟಿಗೆ ಸಿನಿಮಾ ವಿಜ್ಞಾನಕ್ಕೆ ಹತ್ತಿರವಿದೆ.

ಅಷ್ಟೆಲ್ಲ ಆಗಿದ್ದಕ್ಕೆ ಕಾರಣ, ಅವತ್ತು ಅವಳು ಪೇಟೆಗೆ ಹೋಗಬೇಕು ಅಂದಿದ್ದಳು.