ಕಡಲ ದಂಡೆಯ ಚೆಂದದ ಕೋಣೆ: ಮೊದಲು ಬಾಗಿಲಿನ ಬಿಜಾಗ್ರಿ ನೋಡಿ

ಹೋದ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಬಾಗಲಕೋಟೆಯ ಅಕ್ಕನೊಬ್ಬರ ಫೋನ್ ಬಂತು. ನವನಗರದಲ್ಲಿರುವ ಅವರ ಮನೆಯ ಪ್ಲ್ಯಾನ್ ಹಾಕಿಕೊಟ್ಟವಳು ನಾನೇ. ಅತ್ತೆ, ಮಾವ, ಗಂಡ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕರಾವಳಿಯ ಒಂದು ಬುಟೀಕ್ ಹೋಟೆಲ್‌ಗೆ ಹೋಗಿದ್ದರು. ಮಗನಿಗೆ ಸರ್ಫಿಂಗ್, ಅಂದರೆ ಹಲಗೆ ಮೇಲೆ ನಿಂತು ಅಲೆ ಸವಾರಿ, ಕಲಿಯುವ ಹುಚ್ಚು.

"ಮೇಡಂ, ಬಚ್ಚಲಕ್ಕ ಬಾಗಿಲನ ಇಲ್ರಿ," ಅಂದರು. "ಬರೇ ಗಾಜು ಐತಿ. ಅದೂ ಅರ್ಧ. ನಮ್ಮ ಮಾವನವರು ಹೊರಗ ಕಟ್ಟಿ ಮ್ಯಾಲೆ ಕುಂತಾರ. ಒಳಗ ಬರವಲ್ರು."

ಆ ಕೋಣೆಯ ಫೋಟೋ ನಾನೂ ನೋಡಿದ್ದೆ. ಬುಕ್ ಮಾಡುವ ಮುಂಚೆ ಅವರೇ ಕಳಿಸಿದ್ದರು. ಬಿಳಿ ಗೋಡೆ, ಬೆತ್ತದ ದೀಪ, ಮಂಚದ ಹಿಂದೆ ಗೋಡೆಗೆ ಒರಗಿಸಿದ ಹಳೇ ಸರ್ಫ್ ಬೋರ್ಡ್. ಚೆನ್ನಾಗಿದೆ, ಹೋಗಿ ಬನ್ನಿ ಅಂದಿದ್ದೆ. ಬಚ್ಚಲಿನ ಫೋಟೋ ಎಲ್ಲಿ ಅಂತ ನಾನು ಕೇಳಬೇಕಿತ್ತು, ಅಲ್ವಾ? ಬೆಳಗಾವಿಯ ಟಿಳಕವಾಡಿಯಲ್ಲಿ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ನಡುವೆ ಗೋವಾ, ಉತ್ತರ ಕನ್ನಡದ ಕಡೆ ಮೂರು ಸಣ್ಣ ಹೋಟೆಲ್‌ಗಳನ್ನೂ ಮಾಡಿದ್ದೇನೆ. ಇಂಥ ಕೋಣೆಯಲ್ಲಿ ಏನು ತಪ್ಪುತ್ತದೆ ಅಂತ ಗೊತ್ತಿದ್ದವಳು ನಾನು.

ಬುಟೀಕ್ ಅಂದರೆ ಫ್ರೆಂಚ್‌ನಲ್ಲಿ ಸಣ್ಣ ಅಂಗಡಿ. 1984ರಲ್ಲಿ ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ ನ್ಯೂಯಾರ್ಕ್‌ನಲ್ಲಿ ಮಾರ್ಗನ್ಸ್ ಅನ್ನುವ ಹೋಟೆಲ್ ತೆರೆದ ಮೇಲೆ ಈ ಮಾತು ಹೋಟೆಲ್‌ಗಳಿಗೂ ಅಂಟಿಕೊಂಡಿತು. ಕೋಣೆ ಕಡಿಮೆ, ಪ್ರತಿ ಕೋಣೆಗೂ ಅದರದೇ ಮುಖ, ಮಾಲೀಕರ ರುಚಿ ಎದ್ದು ಕಾಣಬೇಕು, ಇಷ್ಟೇ ಅದರ ಅರ್ಥ. ದೊಡ್ಡ ಕಂಪನಿಯ ಹೋಟೆಲ್‌ನಲ್ಲಿ ಬಚ್ಚಲಿಗೆ ಸಾಮಾನ್ಯವಾಗಿ ಬಾಗಿಲು ಇರುತ್ತದೆ, ಯಾರೂ ಕೇಳಲು ಹೋಗುವುದಿಲ್ಲ. ಇಲ್ಲಿ ಎಲ್ಲವನ್ನೂ ಒಬ್ಬರು ಕೂತು ಯೋಚಿಸಿ ಇಟ್ಟಿರುತ್ತಾರೆ, ಇಲ್ಲವೇ ಬಿಟ್ಟಿರುತ್ತಾರೆ.

ಗಾಜಿನ ಬಚ್ಚಲು ಯಾಕೆ ಮಾಡುತ್ತಾರೆ? ಕೋಣೆ ಸಣ್ಣದು. ನಡುವೆ ಗೋಡೆ ಎದ್ದರೆ ಇನ್ನೂ ಸಣ್ಣದಾಗಿ ಕಾಣುತ್ತದೆ, ಬಚ್ಚಲು ಕತ್ತಲಾಗುತ್ತದೆ. ಗಾಜು ಹಾಕಿದರೆ ಕಿಟಕಿಯ ಬೆಳಕು ಒಳಗಿನ ಗೋಡೆವರೆಗೂ ಹೋಗುತ್ತದೆ, ಫೋಟೋದಲ್ಲಿ ಕೋಣೆ ದೊಡ್ಡದಾಗಿ ಬರುತ್ತದೆ. ಬರುವವರು ಗಂಡ-ಹೆಂಡತಿ ಇಬ್ಬರೇ ಅಂತ ಲೆಕ್ಕ ಹಾಕಿ ಮಾಡಿದ್ದು ಅದು. ಅತ್ತೆ-ಮಾವ, ಬೆಳೆದ ಮಗಳು ಜೊತೆಗಿರುವ ನಮ್ಮ ಮನೆಗಳು ಆ ಲೆಕ್ಕದಲ್ಲಿ ಇರುವುದಿಲ್ಲ. ಇದು ಸಣ್ಣ ತಪ್ಪು ಅಂತ ನನಗೆ ಅನಿಸುವುದಿಲ್ಲ. ಎಪ್ಪತ್ತು ದಾಟಿದ ಹಿರಿಯರೊಬ್ಬರು ತಾವು ದುಡ್ಡು ಕೊಟ್ಟ ಕೋಣೆಯ ಹೊರಗೆ ಸಂಕೋಚದಿಂದ ಕೂತಿದ್ದಾರೆ ಅಂದರೆ, ಅದನ್ನು ಕಟ್ಟಿದವರು ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ.

"ಎರಡು ಬೆಡ್‌ಶೀಟ್ ಜಾಸ್ತಿ ಕೇಳ್ರಿ, ಬಟ್ಟೆ ಕ್ಲಿಪ್ಪೂ ಕೇಳ್ರಿ, ಗಾಜಿಗೆ ಕಟ್ಟ್ರಿ," ಅಂದೆ. ಹೋಟೆಲ್‌ನ ಹುಡುಗ ಕ್ಲಿಪ್ ತಂದುಕೊಟ್ಟು ತಾನೇ ಮೇಲೆ ಹತ್ತಿ ಕಟ್ಟಿದನಂತೆ. ಮಾವನವರು ಒಳಗೆ ಬಂದು ಮಲಗಿದರು.

ಈಗ ಉಪ್ಪಿನ ವಿಷಯಕ್ಕೆ ಬರುತ್ತೇನೆ. ಸಮುದ್ರದ ಪಕ್ಕದ ಕೋಣೆಯ ಅರ್ಧ ಕಥೆ ಅದೇ.

ಅಲೆ ಒಡೆದಾಗ ಸಣ್ಣ ಸಣ್ಣ ಹನಿ ಹಾರುತ್ತವೆ. ಆ ಹನಿ ಗಾಳಿಯಲ್ಲೇ ಒಣಗಿ ಉಪ್ಪಿನ ಪುಡಿಯಾಗಿ ಊರೊಳಗೆ ಬರುತ್ತದೆ. ಸರ್ಫಿಂಗ್ ಊರು ಅಂದರೆ ಅಲೆ ಚೆನ್ನಾಗಿ ಒಡೆಯುವ ಊರು. ಹಾಗಾಗಿ ಸುಮ್ನೆ ಮಲಗಿದ ಕೊಲ್ಲಿಯ ದಂಡೆಗಿಂತ ಇಲ್ಲಿ ಗಾಳಿಯಲ್ಲಿ ಉಪ್ಪು ಜಾಸ್ತಿ. ಉಪ್ಪು ಒಂದು ಕಡೆ ಕೂತರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದಲ್ಲ, ಅದೇ ಕೆಲಸ. ಕೆಳಗಿನ ಕಬ್ಬಿಣ ಒಣಗುವುದೇ ಇಲ್ಲ. ತುಕ್ಕು ಹಿಡಿಯುತ್ತದೆ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ನನ್ನ ಮೊದಲ ಹೋಟೆಲ್ ಗೋವಾದ ಉತ್ತರದ ಅಂಚಿನಲ್ಲಿ ಎಂಟು ಕೋಣೆಯದು. ಕಿಟಕಿಗೆ ತೆಳುವಾದ ಕಬ್ಬಿಣದ ಚೌಕಟ್ಟು ಬರೆದೆ. ಬೆಳಗಾವಿಯ ಕಾರ್ಖಾನೆ ಪ್ರದೇಶ ಉದ್ಯಮಬಾಗದಲ್ಲೇ ಮಾಡಿಸಿ, ಕಪ್ಪು ಪೌಡರ್ ಕೋಟಿಂಗ್ ಹಾಕಿಸಿ, ಚೋರ್ಲಾ ಘಾಟ್ ಇಳಿಸಿ ಕಳಿಸಿದೆ. ಬಿಳಿ ಗೋಡೆಗೆ ಕಪ್ಪು ಗೆರೆ, ನೋಡಲು ಎಷ್ಟು ಚೆಂದ ಇತ್ತು! ಮೊದಲ ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಹೋದಾಗ ಪ್ರತಿ ಕಿಟಕಿಯ ಕೆಳಗೂ ಗೋಡೆ ಮೇಲೆ ಕಂದು ಬಣ್ಣ ಇಳಿದಿತ್ತು, ಅತ್ತ ಕಣ್ಣಿನ ಕಾಡಿಗೆ ಇಳಿದ ಹಾಗೆ. ಬೆಸುಗೆ ಹಾಕಿದ ಮೂಲೆಗಳಲ್ಲಿ ಬಣ್ಣ ಉಬ್ಬಿತ್ತು. ಉಗುರಿನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಬೆಳಗಾವಿಯಲ್ಲೂ ಮಳೆ ಕಡಿಮೆಯೇನಲ್ಲ, ಇಲ್ಲಿ ಅದೇ ಚೌಕಟ್ಟು ಇವತ್ತಿಗೂ ಗಟ್ಟಿ ಇದೆ. ಅಲ್ಲಿ ಒಂದೇ ವರ್ಷಕ್ಕೆ ಹೋಯಿತು. ಅಷ್ಟನ್ನೂ ತೆಗೆಸಿ ಸಾಗವಾನಿ ಹಾಕಿಸಿಕೊಟ್ಟೆ.

ಇನ್ನೊಂದು ಸಂಗತಿ ಆಗಲೇ ಕಂಡಿದ್ದು. ಮಳೆಗೆ ನೇರ ಸಿಕ್ಕಿದ ಕಬ್ಬಿಣಕ್ಕಿಂತ ಸೂರಿನ ಕೆಳಗೆ ಮರೆಯಲ್ಲಿದ್ದ ಕಬ್ಬಿಣ ಹೆಚ್ಚು ಕೆಟ್ಟಿತ್ತು. ಮಳೆ ಬಿದ್ದ ಕಡೆ ಉಪ್ಪು ತೊಳೆದುಹೋಗುತ್ತದೆ. ಮರೆಯಲ್ಲಿ ಅದು ಕೂತೇ ಇರುತ್ತದೆ. ಅದಕ್ಕೇ ನೀವು ಕೋಣೆಯೊಳಗೆ ಕಾಲಿಟ್ಟ ತಕ್ಷಣ ಬಾಗಿಲಿನ ಕೀಲು ನೋಡಿ ಅನ್ನುತ್ತೇನೆ. ನಮ್ಮ ಬಡಿಗೇರರು ಅದನ್ನು ಬಿಜಾಗ್ರಿ ಅನ್ನುತ್ತಾರೆ. ಅದು ಯಾವಾಗಲೂ ಮರೆಯಲ್ಲೇ ಇರುವ ವಸ್ತು. ಹಿತ್ತಾಳೆಯದಾಗಿದ್ದು, ಕೈಯಾಡಿದ ಹೊಳಪು ಇದ್ದರೆ, ಈ ಮನೆಯಲ್ಲಿ ಯಾರೋ ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆ ಹಿಡಿದು ಒರೆಸುತ್ತಾರೆ ಅಂತ ಅರ್ಥ. ಅಂಥವರು ಹಾಸಿಗೆಯನ್ನೂ ಬಿಸಿಲಿಗೆ ಹಾಕುತ್ತಾರೆ, ನೀರಿನ ಟಾಕಿಯನ್ನೂ ತೊಳೆಯುತ್ತಾರೆ.

ಸ್ಟೀಲ್‌ನಲ್ಲೂ ಎರಡು ಜಾತಿ. ಒಂದು 304 ಅನ್ನುವ ನಂಬರಿನದು, ಒಳ್ಳೆಯ ಅಡುಗೆ ಪಾತ್ರೆಗಳಲ್ಲಿ ಇರುವಂಥದ್ದು. ಅದು ಸಮುದ್ರದ ಗಾಳಿಗೆ ಕಂದು ಚುಕ್ಕೆ ಬಿಡುತ್ತದೆ. 316 ಅನ್ನುವುದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಅನ್ನುವ ಲೋಹ ಇರುತ್ತದೆ, ಉಪ್ಪನ್ನು ಅದು ಚೆನ್ನಾಗಿ ತಡೆಯುತ್ತದೆ. ಬೆಲೆ ಜಾಸ್ತಿ. ಬಚ್ಚಲಿನ ನಲ್ಲಿಯ ಬುಡ, ಟವೆಲ್ ಹಾಕುವ ಸರಳಿನ ಸ್ಕ್ರೂ ನೋಡಿದರೆ ಮಾಲೀಕರು ಯಾವುದನ್ನು ಕೊಂಡರು ಅಂತ ಗೊತ್ತಾಗುತ್ತದೆ.

ಚಾವಣಿ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಉಪ್ಪು ಕಾಂಕ್ರೀಟಿನೊಳಗೆ ಇಳಿದು ಅಲ್ಲಿನ ಕಬ್ಬಿಣದ ಸರಳನ್ನು ಮುಟ್ಟಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಗಿಲಾವನ್ನು ಒಡೆಯುತ್ತದೆ. ಬಾಲ್ಕನಿಯ ಅಡಿಯಲ್ಲಿ ಸರಳು ಹೋದ ಗುಂಟ ಉದ್ದಕ್ಕೆ ಬಿರುಕು, ಕಂದು ಕಲೆ ಕಂಡರೆ ಅದು ಬಣ್ಣ ಬಳಿದು ಮುಚ್ಚುವ ಬಿರುಕಲ್ಲ. ನಮ್ಮ ದೇಶದ ಕಾಂಕ್ರೀಟ್ ನಿಯಮ ಐಎಸ್ 456 ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಕಡೆ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು. ಕರಾವಳಿಯಿಂದ ದೂರ, ಮಳೆ-ಬಿಸಿಲು ತಾಗದ ಕಡೆ 20 ಸಾಕು. ನಮ್ಮ ಕಡೆಯ ಗೌಂಡಿಗಳು ಕೈರೂಢಿಯಲ್ಲಿ 20 ಬಿಟ್ಟು ಮುಂದೆ ಹೋಗುತ್ತಾರೆ. ಕಡಲಿನ ಹತ್ತಿರ ನಾನು ಟೇಪ್ ಹಿಡಿದು ಪಕ್ಕದಲ್ಲೇ ನಿಲ್ಲುತ್ತೇನೆ.

"ಸೀ ವ್ಯೂ" ಅಂತ ಹೆಚ್ಚು ದುಡ್ಡು ಕೊಡುವ ಮುಂಚೆಯೂ ಸ್ವಲ್ಪ ಯೋಚಿಸಿ. ನಮ್ಮ ಸಮುದ್ರ ಪಶ್ಚಿಮಕ್ಕಿದೆ. ಸಮುದ್ರ ಕಾಣುವ ಕೋಣೆ ಅಂದರೆ ಪಶ್ಚಿಮಕ್ಕೆ ಬಾಯಿ ತೆರೆದ ಕೋಣೆ. ವಿಜಯಪುರದಲ್ಲಿ ಯಾರಾದರೂ ಪಡುವಣದ ಗೋಡೆಗೆ ಪೂರ್ತಿ ಗಾಜು ಹಾಕಿಸುತ್ತಾರೆಯೇ? ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೂ ಬಿಸಿಲು ನೇರ ಹಾಸಿಗೆ ಮೇಲೆ. ಮುಂದೆ ಅಗಲವಾದ ಜಗುಲಿ, ತಗ್ಗಿದ ಹೆಂಚಿನ ಸೂರು ಇದ್ದರೆ ಅಡ್ಡಿಯಿಲ್ಲ. ಇಲ್ಲದಿದ್ದರೆ ತೋಟದ ಕಡೆ, ಪೂರ್ವಕ್ಕೆ ಮುಖ ಮಾಡಿದ ಕೋಣೆ ತಗೊಳ್ಳಿ. ದುಡ್ಡೂ ಉಳಿಯುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ಹಳೇ ಕರಾವಳಿ ಮನೆಗಳು ಇದನ್ನು ಬಲ್ಲವು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹೆಂಚು ಬೆಳಗಾವಿಯ ಹಳೇ ವಾಡೆಗಳ ಮೇಲೂ ಕೂತಿದೆ. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತದೆ. ಅಂಥ ಚಾವಣಿ, ಎದುರುಬದುರು ಎರಡು ಕಿಟಕಿ ಇರುವ ಕೋಣೆಯಲ್ಲಿ ಕಪಾಟು ತೆರೆದರೆ ಬೂಸಲಿನ ವಾಸನೆ ಬರುವುದಿಲ್ಲ. ಹೋದ ತಕ್ಷಣ ಕಪಾಟಿನೊಳಗೆ ಮೂಗು ಇಟ್ಟು ನೋಡಿ.

ಸರ್ಫಿಂಗ್ ಊರಿನ ಹೋಟೆಲ್‌ಗೆ ಇನ್ನೊಂದು ಕೆಲಸ ಇದೆ. ಒದ್ದೆ ಮನುಷ್ಯರನ್ನು ಒಳಗೆ ಕರೆದುಕೊಳ್ಳುವ ಕೆಲಸ.

ಇದನ್ನು ಸರಿಯಾಗಿ ಮಾಡಿದ್ದನ್ನು ನಾನು ಮೂಲ್ಕಿಯಲ್ಲಿ ನೋಡಿದೆ. ಶಾಂಭವಿ ನದಿ ಸಮುದ್ರ ಸೇರುವ ಊರು. 2004ರಿಂದ ಅಲ್ಲಿ ಸರ್ಫಿಂಗ್ ಕಲಿಸುತ್ತಿದ್ದಾರೆ. ಪಕ್ಕದ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆಯೂ ನಡೆಯಿತು. ನಾನು ಉಳಿದದ್ದು ಆರು ಕೋಣೆಯ ಮನೆ. ಗೇಟು ದಾಟಿದ ಕೂಡಲೇ ಎಡಕ್ಕೆ ಮುರಕಲ್ಲಿನ ಒಂದು ಮೋಟು ಗೋಡೆ. ಅದರ ಮೇಲೆ ಬೋರ್ಡ್ ಒರಗಿಸಲು ಮರದ ಗೂಟ, ಗೂಟಕ್ಕೆ ಬೋರ್ಡ್ ಗೀರದಂತೆ ಹಗ್ಗ ಸುತ್ತಿತ್ತು. ಪಕ್ಕದಲ್ಲಿ ತಲೆ ಎತ್ತರಕ್ಕೆ ಒಂದು ನಲ್ಲಿ, ಮೊಣಕಾಲು ಎತ್ತರಕ್ಕೆ ಇನ್ನೊಂದು. ಕೆಳಗಿನದು ಕಾಲಿಗೆ, ಮಕ್ಕಳಿಗೆ. ಕೂತು ಕಾಲು ತೊಳೆಯಲು ಒಂದು ಕಲ್ಲಿನ ಪೀಠ. ನೀರು ನೇರ ಮೋರಿಗೆ ಹೋಗದೆ ಸಣ್ಣ ಗುಂಡಿಯಲ್ಲಿ ನಿಂತು, ಮರಳನ್ನು ಅಲ್ಲೇ ಬಿಟ್ಟು, ಬಾಳೆ ಗಿಡಗಳಿಗೆ ಹರಿಯುತ್ತಿತ್ತು. ಅಲ್ಲಿಂದ ಕೋಣೆವರೆಗೆ ಒರಟು ಕಲ್ಲಿನ ಹಾದಿ, ಎಲ್ಲೂ ಹೊಳಪಿನ ಗ್ರಾನೈಟ್ ಇಲ್ಲ. ಇಳಕಲ್ ಗ್ರಾನೈಟ್ ನನಗೂ ಪ್ರೀತಿ. ಆದರೆ ಒದ್ದೆ ಕಾಲಿಗೆ ಹೊಳಪಿನ ಕಲ್ಲು ಕೊಟ್ಟರೆ ಸೊಂಟ ಮುರಿಯುತ್ತದೆ. ಜಗುಲಿಯಲ್ಲಿ ಬಟ್ಟೆ ಒಣಹಾಕಲು ಗಟ್ಟಿ ಹಗ್ಗ ಇತ್ತು. ವಿಜಯಪುರದಲ್ಲಿ ಬೇಸಿಗೆಗೆ ಸೀರೆ ಒಂದು ತಾಸಿನಲ್ಲಿ ಒಣಗುತ್ತದೆ. ಅಲ್ಲಿ ಈಜುಬಟ್ಟೆ ಮರುದಿನಕ್ಕೂ ತಣ್ಣಗೇ ಇರುತ್ತದೆ. ಹಗ್ಗ ಇಲ್ಲದಿದ್ದರೆ ಜನ ಒದ್ದೆ ಬಟ್ಟೆಯನ್ನು ಕುರ್ಚಿ ಮೇಲೆ, ಮಂಚದ ಮೇಲೆ ಹರಡುತ್ತಾರೆ. ಮಾಡುವುದೇನು ಮತ್ತೆ?

ಆ ಮನೆಯಲ್ಲಿ ಬೆಳಗಿನ ಐದೂವರೆಗೆ ಅಡುಗೆಮನೆಯ ದೀಪ ಹತ್ತುತ್ತಿತ್ತು. ಕಾರಣ ಇದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಬೆಳಗಿನ ಹೊತ್ತು ಗಾಳಿ ನೆಲದಿಂದ ಸಮುದ್ರದ ಕಡೆ ಮೆಲ್ಲಗೆ ಬೀಸುತ್ತದೆ. ಆಗ ಅಲೆಯ ಮೈ ನುಣುಪಾಗಿರುತ್ತದೆ, ಕಲಿಯುವವರಿಗೆ ಸುಲಭ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಸಮುದ್ರದಿಂದ ಬರುತ್ತದೆ, ಅಲೆ ಕದಡುತ್ತದೆ. ಹಾಗಾಗಿ ಎಲ್ಲರೂ ಬೆಳಗಾಗುವ ಮುಂಚೆಯೇ ನೀರಿಗೆ ಹೊರಡುತ್ತಾರೆ. ಎಂಟೂವರೆಗೆ ತಿಂಡಿ ಶುರು ಮಾಡುವ ಹೋಟೆಲ್ ಅವರಿಗೆ ಉಪಯೋಗಕ್ಕಿಲ್ಲ. ಐದೂವರೆಗೆ ಒಂದು ಚಹಾ, ಎರಡು ಬಾಳೆಹಣ್ಣು, ಒಂಬತ್ತಕ್ಕೆ ಹಸಿದು ಬಂದವರಿಗೆ ಬಿಸಿ ಅವಲಕ್ಕಿ ಸಾಕು.

ಹೋಟೆಲ್ ದಂಡೆಯ ಮೇಲೇ ಇಲ್ಲ ಅಂತ ಬೇಜಾರು ಬೇಡ. ಜನ ಕಡಿಮೆ ಇರುವ ಕರಾವಳಿ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದು ಅಂತ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ. ಐದು ನಿಮಿಷ ನಡೆದರೆ ಉಪ್ಪೂ ಕಡಿಮೆ, ಸದ್ದೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸಬರು ನೀರಿಗಿಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಮೀನುಗಾರಿಕೆಗೆ ಹೋಗುವಂತಿಲ್ಲ. ಅಕ್ಟೋಬರ್ ನಂತರ ಹೋಗುವುದಾದರೆ ಫೋನಿನಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ಈ ಮಳೆಗಾಲ ಆದ ಮೇಲೆ ಏನೇನು ರಿಪೇರಿ ಮಾಡಿಸಿದಿರಿ? ಚೆನ್ನಾಗಿ ನೋಡಿಕೊಳ್ಳುವ ಮಾಲೀಕರಿಗೆ ಇದರ ಉತ್ತರ ಉದ್ದ ಇರುತ್ತದೆ. ಹೆಂಚು ಬದಲಿಸಿದ್ದು, ಕಿಟಕಿಗೆ ಎಣ್ಣೆ ಹಚ್ಚಿದ್ದು, ಹೊಸ ದಿಂಬು ತಂದದ್ದು ಎಲ್ಲ ಹೇಳುತ್ತಾರೆ. "ಏನೂ ಇಲ್ಲ, ಎಲ್ಲಾ ಸೂಪರ್ ಇದೆ" ಅಂದರೆ ನಾನು ಬೇರೆ ಕಡೆ ನೋಡುತ್ತೇನೆ.

ಬಾಗಲಕೋಟೆಯ ಅಕ್ಕ ಮತ್ತೆ ಹೊರಟಿದ್ದಾರೆ. ಮಗ ಹೋದ ಸಲ ಮೂರು ದಿನದಲ್ಲಿ ಎರಡು ಬಾರಿ ಬೋರ್ಡ್ ಮೇಲೆ ಎದ್ದು ನಿಂತಿದ್ದಾನೆ, ಬಿಡುವವನಲ್ಲ. ಈ ಸಲ ಹೋಟೆಲ್‌ಗೆ ಫೋನ್ ನಾನೇ ಮಾಡಿದೆ. ಅವರೂ ನನ್ನ ಆಫೀಸಿನಲ್ಲೇ ಕೂತಿದ್ದರು. ಹೊರಗಿನ ನಲ್ಲಿ, ಬಟ್ಟೆ ಹಗ್ಗ, ಬೆಳಗಿನ ಚಹಾ ಎಲ್ಲ ಕೇಳಿ ಆದ ಮೇಲೆ, ಬಚ್ಚಲಿಗೆ ಬಾಗಿಲು ಇದೆಯಾ, ಒಳಗಿಂದ ಚಿಲಕ ಬೀಳುತ್ತದಾ ಅಂತ ಕೇಳಿದೆ.

"ಒಂದು ನಿಮಿಷ ಮೇಡಂ, ನೋಡಿ ಬರ್ತೇನೆ," ಅಂದ ಹೋಟೆಲ್‌ನ ಹುಡುಗ. ಫೋನ್ ಕೆಳಗಿಟ್ಟ ಸದ್ದು, ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ಆಮೇಲೆ ದೂರದಲ್ಲಿ ಬಾಗಿಲು ಕಿರ್ರೆಂದಿತು.

"ಬಾಗಿಲು ಉಂಟು ಮೇಡಂ. ಮರದ್ದೇ. ಚಿಲಕ ಸ್ವಲ್ಪ ಬಿಗಿ ಉಂಟು, ಇವತ್ತೇ ಎಣ್ಣೆ ಹಾಕಿಸ್ತೇನೆ."

ಅಕ್ಕ ನನ್ನ ಮುಖ ನೋಡಿದರು. "ಇದನ ಮಾಡ್ರಿ ಮೇಡಂ," ಅಂದರು.