ಕರುಳಿನ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಬರುತ್ತದಾ?

ಪ್ರಶ್ನೆ: ಕರುಳಿನ ಬ್ಯಾಕ್ಟೀರಿಯಾದಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ಓದಿದೆ. ನಿಜವೇ? ಹಾಗಾದರೆ ಆಂಟಿಬಯಾಟಿಕ್ ನುಂಗಿ ಅವನ್ನು ಕೊಂದುಬಿಡಬಹುದಲ್ವಾ?

ನೀವು ಓದಿದ್ದು ಸುಳ್ಳಲ್ಲ. ಆದರೆ ಎಲ್ಲ ಬ್ಯಾಕ್ಟೀರಿಯಾಗಳ ಮೇಲೂ ಈ ಆರೋಪ ಇಲ್ಲ.

ಇ. ಕೋಲಿಯನ್ನೇ ನೋಡಿ. ಹೆಚ್ಚುಕಡಿಮೆ ಎಲ್ಲರ ದೊಡ್ಡ ಕರುಳಿನಲ್ಲೂ ಇದು ತನ್ನ ಪಾಡಿಗೆ ತಾನು ಇರುತ್ತದೆ. ಇದರ ಕೆಲವು ತಳಿಗಳು ಮಾತ್ರ ಕೋಲಿಬ್ಯಾಕ್ಟಿನ್ ಎಂಬ ವಿಷ ಮಾಡುತ್ತವೆ. ಆ ವಿಷ ಕರುಳಿನ ಜೀವಕೋಶಕ್ಕೆ ನುಗ್ಗಿ ಡಿಎನ್‌ಎಯ ಎರಡು ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಕೋಶ ಅದನ್ನು ಬಿಡಿಸಿ ರಿಪೇರಿ ಮಾಡುವಾಗ ತಪ್ಪುಗಳಾಗುತ್ತವೆ. ಆ ತಪ್ಪುಗಳು ಹಾಗೇ ಉಳಿದು, ಮುಂದೆ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಇದು ಬರೀ ಊಹೆ ಅಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹಾನ್ಸ್ ಕ್ಲೆವರ್ಸ್ ಅವರ ತಂಡ ಲ್ಯಾಬಿನಲ್ಲಿ ಬೆಳೆಸಿದ ಕರುಳಿನ ಪುಟ್ಟ ಮಾದರಿಗಳೊಳಗೆ ಈ ಬ್ಯಾಕ್ಟೀರಿಯಾವನ್ನು ಐದು ತಿಂಗಳು ಮತ್ತೆ ಮತ್ತೆ ಬಿಟ್ಟಿತು. ಡಿಎನ್‌ಎ ಮೇಲೆ ಬೆರಳಚ್ಚಿನಂಥ ಒಂದು ಗುರುತು ಮೂಡಿತ್ತು. ಅದೇ ಗುರುತು ಕೆಲವು ಕರುಳಿನ ಕ್ಯಾನ್ಸರ್ ರೋಗಿಗಳ ಗೆಡ್ಡೆಗಳಲ್ಲೂ ಸಿಕ್ಕಿತು. ಇದು 2020ರ ಮಾತು. 2025ರಲ್ಲಿ ಮತ್ತೊಂದು ತಂಡ 11 ದೇಶಗಳ 981 ಗೆಡ್ಡೆಗಳನ್ನು ಪರೀಕ್ಷಿಸಿತು. 70 ದಾಟಿದವರಿಗಿಂತ 40ರ ಒಳಗಿನವರಲ್ಲಿ ಈ ಗುರುತು ಮೂರು ಪಟ್ಟಿಗೂ ಜಾಸ್ತಿ ಇತ್ತು. ಅದು ಬಾಲ್ಯದಲ್ಲೇ ಬಿದ್ದಿರಬಹುದು ಎಂಬುದು ಅವರ ಲೆಕ್ಕ. ನನ್ನನ್ನು ತುಂಬಾ ಕಾಡುವುದು ಈ ಮಾತೇ. ಏನೂ ಅರಿಯದ ವಯಸ್ಸು ಅದು.

ಇನ್ನೊಂದು ಫ್ಯೂಸೋಬ್ಯಾಕ್ಟೀರಿಯಂ. ವಸಡಿನ ರೋಗದಲ್ಲಿ ಹೆಚ್ಚು ಕಾಣುವ, ಬಾಯಿಯ ಜೀವಿ ಇದು. ಕರುಳಿನ ಗೆಡ್ಡೆಗೆ ಅಂಟಿಕೊಂಡು, ದೇಹದ ಕಾವಲು ಕೋಶಗಳ ಕೈ ಕಟ್ಟಿಹಾಕುತ್ತದೆ. ಕ್ಯಾನ್ಸರ್ ಲಿವರ್‌ಗೆ ಹರಡಿದಾಗ ಅಲ್ಲಿಯೂ ಇದು ಸಿಕ್ಕಿದ್ದುಂಟು.

ಹಾಗೆಂದು ಆಂಟಿಬಯಾಟಿಕ್ ನುಂಗಬೇಡಿ. ಅದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ರಾಗಿ, ಕಾಳು, ಸೊಪ್ಪಿನ ನಾರನ್ನು ಬ್ಯುಟಿರೇಟ್ ಎಂಬ ಪೋಷಕ ವಸ್ತುವಾಗಿ ಮಾಡಿ ಕರುಳಿನ ಒಳಪದರಕ್ಕೆ ಊಟ ಹಾಕುವುದು ಅವೇ. ಮೇಲಾಗಿ, ಡಿಎನ್‌ಎ ಮೇಲೆ ಆಗಲೇ ಬಿದ್ದ ಗುರುತನ್ನು ಯಾವ ಮಾತ್ರೆಯೂ ಅಳಿಸದು. ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೋಬಯಾಟಿಕ್ ಕೂಡ ಅಷ್ಟೇ.

ಆದರೆ ಒಂದು ಸಮಾಧಾನ ಇದೆ. ಸಾಮಾನ್ಯವಾಗಿ ಕರುಳಿನಲ್ಲಿ ಮೊದಲು ಪಾಲಿಪ್ ಎಂಬ ಪುಟ್ಟ ಗಂಟು ಹುಟ್ಟುತ್ತದೆ. ಅದು ಕ್ಯಾನ್ಸರ್ ಆಗಲು ಹೆಚ್ಚಾಗಿ ವರ್ಷಗಳೇ ಬೇಕು. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಪರೀಕ್ಷೆ, ಮಾಡುವಾಗಲೇ ಅದನ್ನು ಕತ್ತರಿಸಿ ತೆಗೆಯಬಹುದು. ಹಾಗಾಗಿ ಮಲದಲ್ಲಿ ರಕ್ತ ಕಂಡರೆ, ನಿಮಗೆ ಇನ್ನೂ 30 ಆಗಿದ್ದರೂ ಸರಿ, ಮೂಲವ್ಯಾಧಿ ಇರಬೇಕು ಎಂದು ನೀವೇ ತೀರ್ಮಾನಿಸಿ ಕೂರಬೇಡಿ. ಡಾಕ್ಟರಿಗೆ ತೋರಿಸಿ.